ಹೋಗೋ ಟಿಕೆಟ್ ಇದ್ಯಾ?

ರಾತ್ರಿ ಒಂದೂವರೆ. ಮೆಜೆಸ್ಟಿಕ್‌ನ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ, ಒಂದನೇ ಪ್ಲಾಟ್‌ಫಾರ್ಮ್. ನೆಲ ಈಗಷ್ಟೇ ಒರೆಸಿದ್ದಾರೆ, ಫಿನಾಯಿಲ್ ವಾಸನೆ ಮೂಗಿಗೆ ಅಡರುತ್ತದೆ. ಊರಿಗೆ ಹೊರಟ ಅತ್ತೆಯನ್ನು ರೈಲು ಹತ್ತಿಸಲು ಬಂದವರು ನೀವು. ರೈಲು ತಡವಾಯಿತು, ಕೊನೆಗೆ ಹೊರಟೂ ಹೋಯಿತು. ನೀವಿನ್ನೂ ಬೆಂಚಿನ ಮೇಲೆ ಕಾಲು ಚಾಚಿ ಮೊಬೈಲ್ ನೋಡುತ್ತಿದ್ದೀರಿ. ಜೇಬಿನಲ್ಲಿ 10 ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ ಇದೆ. ಅದರ ಆಯುಸ್ಸು ಎರಡು ಗಂಟೆ. ಹನ್ನೊಂದಕ್ಕೆ ಕೊಂಡದ್ದು.

ನಾಲ್ಕು ಮಾರು ಆಚೆ, ಕಂಬಕ್ಕೆ ಒರಗಿ ಒಂದು ಸಂಸಾರ. ಗಂಡ, ಹೆಂಡತಿ, ಕೌದಿಯೊಳಗೆ ಮುದುರಿದ ಮಗು. ಎರಡು ಗೊಬ್ಬರದ ಚೀಲದ ತುಂಬ ಪಾತ್ರೆ, ಬಟ್ಟೆ. ಒಂದರ ಬಾಯಿಂದ ಗಾರೆ ಕೆಲಸದ ಕರಣೆಯ ಹಿಡಿ ಹೊರಗೆ ಇಣುಕಿದೆ. ಪೇದೆಯೊಬ್ಬರು ಲಾಠಿಯಿಂದ ನೆಲ ಕುಟ್ಟುತ್ತ ಬರುತ್ತಾರೆ. ಮೈಮೇಲೆ ಬೀಸುವವರಲ್ಲ, ಸದ್ದಿಗೇ ಎಚ್ಚರವಾಗಲಿ ಎನ್ನುವವರು.

“ಏಳಪ್ಪ, ಏಳು. ಟಿಕೆಟ್ ಇದ್ಯಾ?”

ಗಂಡ ದಡಬಡಿಸಿ ಎದ್ದು ಕೂತು ಅಂಗಿಯ ಜೇಬು ತಡಕುತ್ತಾನೆ. ಮಡಿಸಿ ಮಡಿಸಿ ಮೆತ್ತಗಾದ ಚೀಟಿ. “ಐತ್ರಿ ಸಾಹೇಬ್ರ. ಯಾದಗಿರಿಲಿಂದ ಬಂದೀವ್ರಿ.”

“ಇದು ಬಂದಿರೋದು. ಹೋಗೋ ಟಿಕೆಟ್ ಇದ್ಯಾ?”

“ಎಲ್ಲಿಗಿ ಹೋಗೂದ್ರಿ? ಮುಂಜಾನಿ ಮೇಸ್ತ್ರಿ ಬರ್ತಾನ್ರಿ. ಟೇಶನ್ ಬಾಗಲ್ದಾಗ ಕುಂದರ್ರಿ ಅಂತ ಹೇಳ್ಯಾನ್ರಿ.”

ಪೇದೆಗೂ ಇದು ಹೊಸ ಕಥೆಯಲ್ಲ. ಆದರೆ ಕಾನೂನು ಅವರ ಬೆನ್ನಿಗಿದೆ. 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ, ಅಧಿಕಾರವಿಲ್ಲದೆ ರೈಲ್ವೆ ಜಾಗಕ್ಕೆ ಬಂದವರೂ ತಪ್ಪಿತಸ್ಥರು, ನ್ಯಾಯವಾಗಿಯೇ ಬಂದು ‘ಹೋಗು’ ಎಂದಾಗ ಹೋಗದವರೂ ತಪ್ಪಿತಸ್ಥರು. ಆರು ತಿಂಗಳವರೆಗೆ ಸೆರೆ, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಳಿ ದಾಟುವವರನ್ನು ಹಿಡಿಯುವುದಕ್ಕೂ ಇದೇ ಕಲಂ, ನಿದ್ದೆಗಣ್ಣಿನ ಈ ಸಂಸಾರವನ್ನು ಎಬ್ಬಿಸುವುದಕ್ಕೂ ಇದೇ. ನೂಕುನುಗ್ಗಲಿನ ನಿಲ್ದಾಣಕ್ಕೆ ಕಟ್ಟುಪಾಡು ಬೇಡವೆಂದು ಯಾರೂ ಹೇಳಲಾರರು. ಬ್ಯಾಗು ಕಳೆದುಕೊಂಡವರನ್ನು, ಒಂಟಿ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಆದರೆ ಈ ಮೂವರು ಯಾರಿಗೆ ಏನು ಮಾಡಿದ್ದಾರೆ?

ಲಾಠಿಯ ಸದ್ದು ಈಗ ನಿಮ್ಮ ಬೆಂಚಿನ ಬಳಿ. ನಿಮ್ಮ ಟಿಕೆಟ್ಟಿನ ಅವಧಿ ಮುಗಿದು ಅರ್ಧ ಗಂಟೆಯಾಗಿದೆ. “ಎಷ್ಟೊತ್ತಿಗೆ ಸರ್ ಟ್ರೈನು?” ಎಂದವರು ಉತ್ತರಕ್ಕೂ ನಿಲ್ಲದೆ ಮುಂದೆ ಹೋಗುತ್ತಾರೆ. ನಿಮ್ಮ ಕಾಲಲ್ಲಿ ಬೂಟು, ಕೈಯಲ್ಲಿ ಒಳ್ಳೆಯ ಫೋನು. ಕಾನೂನಿನ ಪುಸ್ತಕದಲ್ಲಿ ಬಡವ ಬಲ್ಲಿದ ಎಂಬ ಮಾತೇ ಇಲ್ಲ. ಯಾರನ್ನು ಕೇಳಬೇಕು, ಯಾರನ್ನು ಬಿಡಬೇಕು ಎಂಬುದು ನಿಂತಿರುವುದು ನೋಡುವ ಕಣ್ಣಿನ ಮೇಲೆ. ಅನ್ಯಾಯ ನುಸುಳುವುದು ಅಲ್ಲೇ.

ಪೇದೆ ಎಬ್ಬಿಸಿದ ಆ ಸಂಸಾರ ಹೊರಗೆ ನಡೆದಿದೆ. ನೀವೂ ಅವರ ಹಿಂದೆಯೇ ಎದ್ದು ಬನ್ನಿ. ಹೆಂಡತಿಯ ತಲೆಯ ಮೇಲೊಂದು ಚೀಲ, ಗಂಡನ ಹೆಗಲಿಗೊಂದು, ಅವನ ಇನ್ನೊಂದು ತೋಳಿನಲ್ಲಿ ಮಗು. ಮೆಟ್ರೊ ಬಾಗಿಲು ಮುಚ್ಚಿದೆ. ತೆರೆದಿದ್ದರೂ ಅಲ್ಲಿ ಕೂರುವ ಮಾತಿಲ್ಲ. ಟಿಕೆಟ್ ಪಡೆದು ಒಳಹೊಕ್ಕವರು ಅದೇ ನಿಲ್ದಾಣದಲ್ಲಿ ಹೊರಬರುವುದಾದರೆ 20 ನಿಮಿಷದೊಳಗೆ ಬರಬೇಕು. ಎದ್ದು ಹೋಗೆಂದರೂ ಉಳಿದವರಿಗಾಗಿ 2002ರ ಮೆಟ್ರೊ ಕಾಯ್ದೆ ಮೂರು ತಿಂಗಳವರೆಗಿನ ಸೆರೆಯನ್ನು ಬರೆದಿಟ್ಟಿದೆ.

ಮುಂದೆ ಗುಬ್ಬಿ ತೋಟದಪ್ಪ ರಸ್ತೆ. ಆ ಹೆಸರಿನ ಹತ್ತಿರ ಒಂದು ಗಳಿಗೆ ನಿಲ್ಲಲೇಬೇಕು. ದೂರದಿಂದ ಬಂದವರು ಇಳಿದುಕೊಳ್ಳಲೆಂದು ವ್ಯಾಪಾರಿ ತೋಟದಪ್ಪನವರು ತಮ್ಮ ದುಡಿಮೆಯ ಹಣದಲ್ಲಿ ಕಟ್ಟಿಸಿದ ಛತ್ರ 1903ರಲ್ಲಿ ಇಲ್ಲೇ, ನಿಲ್ದಾಣದ ಸಮೀಪದಲ್ಲೇ ತೆರೆಯಿತು. ರೈಲು ಬರುವ ಕಡೆ ದಿಕ್ಕು ಕಾಣದವರೂ ಬರುತ್ತಾರೆ ಎಂಬುದು ಆ ಮನುಷ್ಯನಿಗೆ ಹೊಳೆದಿತ್ತು. ನೂರು ವರ್ಷದ ಮೇಲೆ, 2010ರಲ್ಲಿ, ನಗರಗಳಲ್ಲಿ ಲಕ್ಷ ಜನಕ್ಕೊಂದರಂತೆ ಹಗಲಿರುಳೂ ತೆರೆದಿರುವ ಆಶ್ರಯತಾಣ ಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಬೇಕಾಯಿತು. ಬೆಂಗಳೂರಿಗೆ ಎಷ್ಟು ಬೇಕೆಂದು ನೀವೇ ಲೆಕ್ಕ ಹಾಕಿ. ಈ ಮೂವರಿಗೆ ಅಂಥದ್ದೊಂದರ ದಾರಿ ಹೇಳುವ ಫಲಕ ನಿಲ್ದಾಣದ ಬಾಗಿಲಿನಲ್ಲಿ ನಿಮ್ಮ ಕಣ್ಣಿಗೆ ಬಿತ್ತೇ?

ರಸ್ತೆಯಾಚೆ ಕೆಂಪೇಗೌಡ ಬಸ್ ನಿಲ್ದಾಣ. ಹಿಂದೆ ಧರ್ಮಾಂಬುಧಿ ಕೆರೆಯಿದ್ದ ಜಾಗ. ಈ ಹೊತ್ತಿನಲ್ಲೂ ಜನ. ಹಾಸಿದ ಪೇಪರು, ತಲೆಯಡಿ ಚಪ್ಪಲಿ, ಸೊಳ್ಳೆಗೆ ಹೆದರಿ ಮುಖದವರೆಗೆ ಎಳೆದ ಟವೆಲ್ಲು. ಹೆಂಡತಿ ಗೋಡೆಯ ಬದಿ ಜಾಗ ಹುಡುಕಿ ಮಗುವನ್ನು ಮಲಗಿಸುತ್ತಾಳೆ, ತಾನು ಮಲಗುವುದಿಲ್ಲ.

ಇಲ್ಲಿ ಇನ್ನೊಂದು ಕಾನೂನಿದೆ, ಮೊದಲಿನದಕ್ಕಿಂತ ಕಠಿಣವಾದದ್ದು. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಲ್ಲಿ ಭಿಕ್ಷುಕನಾಗಲು ಕೈ ಚಾಚಲೇಬೇಕೆಂದಿಲ್ಲ. ಬದುಕಿಗೆ ದಾರಿಯಿರುವುದು ಕಣ್ಣಿಗೆ ಕಾಣದೆ, ಬೇಡಿ ತಿನ್ನುವವನಿರಬೇಕು ಎನಿಸುವ ಹಾಗೆ ಸಾರ್ವಜನಿಕ ಜಾಗದಲ್ಲಿ ಅಲೆದಾಡಿದರೆ ಅಥವಾ ಉಳಿದರೆ ಸಾಕು. ವಾರಂಟ್ ಇಲ್ಲದೆ ಹಿಡಿದು ಮಾಗಡಿ ರಸ್ತೆಯ ನಿರಾಶ್ರಿತರ ಕೇಂದ್ರಕ್ಕೆ ಒಯ್ಯಬಹುದು. ನಾವು ಆಸ್ತಿ ತೆರಿಗೆಯ ಜೊತೆ ಕಟ್ಟುವ ಶೇ 3ರ ಸೆಸ್ ಇದಕ್ಕೇ. ದೆಹಲಿಯಲ್ಲೂ ಜಾರಿಯಲ್ಲಿದ್ದ ಇದೇ ಬಗೆಯ ಮುಂಬಯಿ ಕಾಯ್ದೆಯ ಶಿಕ್ಷೆಯ ಕಲಂಗಳನ್ನು ದೆಹಲಿ ಹೈಕೋರ್ಟ್ 2018ರಲ್ಲಿ ತನ್ನ ವ್ಯಾಪ್ತಿಯಲ್ಲಿ ರದ್ದು ಮಾಡಿತು. ಗೋಡೆಗೆ ಒರಗಿದ ಈ ಹೆಣ್ಣುಮಗಳನ್ನು ನೋಡಿ ಹೇಳಿ: ಸವೆದ ಸೀರೆ, ಧೂಳು ಮೆತ್ತಿದ ಪಾದ, ಪಕ್ಕದಲ್ಲಿ ಚೀಲ. ಬದುಕಿನ ದಾರಿ ಕಣ್ಣಿಗೆ ಕಾಣುತ್ತದೆಯೇ? ಕರಣೆ ಚೀಲದೊಳಗಿದೆ.

ಐದು ಗಂಟೆಗೆ ಗಂಡನ ಫೋನು ಹೊಡೆದುಕೊಳ್ಳುತ್ತದೆ. ಅತ್ತಲಿಂದ ಬರುವ ಕೂಗು ನಿಮಗೂ ಕೇಳುವಷ್ಟು ಜೋರು.

“ಎಲ್ಲಿ ಹಾಳಾಗಿ ಹೋಗೀರೋ? ಟೇಶನ್ ಬಾಗಲ್ದಾಗ ಕುಂದರ್ರಿ ಅಂತ ಹೇಳಿದ್ದಿಲ್ಲೇನು? ಸರ್ಜಾಪುರಕ್ಕ ಟೆಂಪೊ ಹೊಂಟು ನಿಂತೈತಿ!”

“ಬಂದ್ವಿ ಅಣ್ಣಾ, ಇಲ್ಲೇ ಅದೀವಿ, ಬಂದ್ವಿ.”