ಊರು ಬದಲಿಸಿದ ಪಾತ್ರಗಳು

ಗ್ರೀಕ್ ನಾಟಕಕಾರ ಸೊಫೊಕ್ಲಿಸನ ಅಜಾಕ್ಸ್ ಕನ್ನಡಕ್ಕೆ ಬಂದಾಗ ಅಜಾಕ್ಸ್ ಆಗಿಯೇ ಉಳಿಯಲಿಲ್ಲ, ಅಶ್ವತ್ಥಾಮನಾದ. ಇರುಳಿನಲ್ಲಿ ಕೊಲೆಗೆ ಹೊರಟು, ಬೆಳಗಾದ ಮೇಲೆ ತನ್ನ ಕೈಯಿಂದ ಆದದ್ದನ್ನು ಕಂಡು ಕುಗ್ಗಿಹೋಗುವ ವೀರನಿಗೆ ನಮ್ಮ ಮಹಾಭಾರತದ ಅಂಗಳದಲ್ಲಿ ಆಗಲೇ ಒಂದು ಜಾಗವಿತ್ತು. ಬಿ.ಎಂ.ಶ್ರೀಯವರು ಅದನ್ನು ಗುರುತಿಸಿದರು. ಕುವೆಂಪು ಹ್ಯಾಮ್ಲೆಟ್ಟನ ಕಥೆಯನ್ನು ಡೆನ್ಮಾರ್ಕಿನಿಂದ ಬಿದನೂರಿನ ಅರಮನೆಗೆ ತಂದು ‘ರಕ್ತಾಕ್ಷಿ’ಯಾಗಿಸಿದರು. ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ನಾವು ಮೂಲಗಳನ್ನು ಓದುತ್ತಿದ್ದೆವು. ಹಾಸ್ಟೆಲಿನ ಕೋಣೆಯಲ್ಲಿ ಈ ರೂಪಾಂತರಗಳನ್ನು. ಪರೀಕ್ಷೆಗೆ ಬೇಕಾದದ್ದು ಮೊದಲಿನದು, ನೆನಪಿನಲ್ಲಿ ನಿಂತದ್ದು ಎರಡನೆಯದು.

ಆ ಹಳೆಯ ಓದು ಇಷ್ಟು ವರ್ಷಗಳ ಮೇಲೆ ಕೆಲಸಕ್ಕೆ ಬಂದದ್ದು, ಹದಿನಾಲ್ಕರ ಮಗಳು ನೋಡುವ ಜಪಾನಿನ ಆನಿಮೆಗಳ ಮುಂದೆ ಕುಳಿತಾಗ. ಆನಿಮೆ ಎಂದೊಡನೆ ಎಲ್ಲರೂ ಹೇಳುವ ನಾಲ್ಕಾರು ಹೆಸರುಗಳಿವೆ. ಅವುಗಳ ಆಚೆಗೆ, ಅಷ್ಟಾಗಿ ಯಾರೂ ಚರ್ಚಿಸದ ಒಂದು ಓಣಿಯಿದೆ. ಬೇರೆಲ್ಲೋ ಹುಟ್ಟಿ ಹೆಸರಾದ ಕಾರ್ಟೂನುಗಳು ಜಪಾನಿಗೆ ಬಂದು ಮರುಹುಟ್ಟು ಪಡೆದದ್ದು, ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮುಗಳು ಸಿನಿಮಾ ಆದದ್ದು, ಇಂಥ ಟಿಸಿಲುಗಳೆಲ್ಲ ಆ ಓಣಿಯ ವಾಸಿಗಳು. ಕೇಂದ್ರ ಸರ್ಕಾರದ ನೌಕರಿಯ ದೆಸೆಯಿಂದ ಚೆನ್ನೈ, ಹೈದರಾಬಾದು, ಪುಣೆ ಎಂದು ಮನೆ ಬದಲಿಸುತ್ತ ಬಂದ ನಮಗೆ ಆ ಓಣಿಯ ವಾಸಿಗಳೊಡನೆ ಬೇಗ ಪರಿಚಯವಾಯಿತು. ಅವರೂ ವರ್ಗಾವಣೆಗೊಂಡವರೇ.

ಮೊದಲು ‘ಪವರ್‌ಪಫ್ ಗರ್ಲ್ಸ್’. ಕ್ರೇಗ್ ಮೆಕ್‌ಕ್ರ್ಯಾಕನ್ ಸೃಷ್ಟಿಸಿ, 1998ರಲ್ಲಿ ಕಾರ್ಟೂನ್ ನೆಟ್‌ವರ್ಕಿನಲ್ಲಿ ಆರಂಭವಾದ ಈ ಸರಣಿ ನಮ್ಮ ದೇಶದ ಮನೆಗಳಿಗೂ ಬಂದಿತ್ತು. ಸಕ್ಕರೆ, ಮಸಾಲೆ ಮತ್ತಿತರ ಒಳ್ಳೆಯ ವಸ್ತುಗಳ ಜೊತೆ ‘ಕೆಮಿಕಲ್ ಎಕ್ಸ್’ ಬೆರೆತು ಹುಟ್ಟಿದ ಮೂವರು ಅಕ್ಕತಂಗಿಯರು, ಇನ್ನೂ ಶಿಶುವಿಹಾರಕ್ಕೆ ಹೋಗುವ ವಯಸ್ಸಿನವರು, ಮುಷ್ಟಿಯಿಂದಲೇ ಊರನ್ನು ಕಾಯುತ್ತಾರೆ. 2006ರ ಜುಲೈಯಲ್ಲಿ ಜಪಾನಿನ ತೊಯೆಯ್ ಸ್ಟುಡಿಯೋ ಇದನ್ನೇ ‘ಪವರ್‌ಪಫ್ ಗರ್ಲ್ಸ್ ಝಡ್’ ಎಂದು ಹೊಸದಾಗಿ ಮಾಡಿತು. 52 ಕಂತುಗಳು, ಒಂದು ವರ್ಷದ ಪ್ರಸಾರ.

ಇಲ್ಲಿ ಮೂವರೂ ಅಕ್ಕತಂಗಿಯರಲ್ಲ. ಒಂದೇ ಶಾಲೆಯಲ್ಲಿ ಕಲಿಯುವ ಹದಿಮೂರರ ಹುಡುಗಿಯರು. ಮೊಮೊಕೊ, ಮಿಯಾಕೊ, ಕಾವೊರು ಎಂಬುದು ಅವರ ಹೆಸರು. ಅಕಾತ್ಸುತ್ಸುಮಿ, ಗೋತೊಕುಜಿ, ಮಾತ್ಸುಬಾರ ಎಂಬ ಅವರ ಮನೆತನದ ಹೆಸರುಗಳು ಮೂರೂ ಟೋಕಿಯೋದ ಸೆತಗಾಯ ಎಂಬ ಭಾಗದ ಬಡಾವಣೆಗಳ ಹೆಸರುಗಳು. ನಮ್ಮಲ್ಲಿ ಮೂವರು ಹುಡುಗಿಯರಿಗೆ ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆ ಎಂದು ಮನೆತನದ ಹೆಸರಿಟ್ಟಂತೆ. ಒಬ್ಬಳಿಗೆ ಸಿಹಿತಿಂಡಿಯ ಹುಚ್ಚು, ಇನ್ನೊಬ್ಬಳು ಅಜ್ಜಿಯ ಮನೆಯಲ್ಲಿ ಬೆಳೆಯುವವಳು, ಮತ್ತೊಬ್ಬಳಿಗೆ ಲಂಗ ತೊಡುವುದೆಂದರೆ ಆಗದು. ಮುಷ್ಟಿಯ ಬದಲು ಕೈಗೆ ಯೋಯೋ, ಗುಳ್ಳೆಯೂದುವ ಕೋಲು, ಸುತ್ತಿಗೆಗಳು ಬಂದಿವೆ. ಹೋರಾಟಕ್ಕೆ ಮೊದಲು ಕುಣಿಯುತ್ತ ವೇಷ ಬದಲಿಸುವ ವಿಧಿಯೂ ಉಂಟು. ಇದು ಜಪಾನಿನಲ್ಲಿ ಬೇರೂರಿದ ‘ಮಾಯಾ ಹುಡುಗಿ’ಯರ ಕಥಾ ಪರಂಪರೆ. ಇದೇ ತೊಯೆಯ್ 1966ರ ‘ಮಾಂತ್ರಿಕಳು ಸ್ಯಾಲಿ’ಯಿಂದ 1992ರ ‘ಸೈಲರ್ ಮೂನ್’ವರೆಗೆ ಅದನ್ನು ಬೆಳೆಸಿಕೊಂಡು ಬಂದಿತ್ತು. ಅಮೆರಿಕದಿಂದ ಬಂದ ಮೂವರು ಆ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕುಳಿತರು.

ನಮಗೆ ಬಹಳ ಹಿಡಿಸಿದ್ದು ಒಂದು ಸಣ್ಣ ವಿವರ. ಮೂಲದ ‘ಕೆಮಿಕಲ್ ಎಕ್ಸ್’ ಇಲ್ಲಿ ‘ಝಡ್’ ಆಗುವುದು ಅದರೊಳಗೆ ಅಕಸ್ಮಾತ್ತಾಗಿ ದೈಫುಕು, ಎಂದರೆ ಅಕ್ಕಿಹಿಟ್ಟಿನ ಒಂದು ಸಿಹಿ ಉಂಡೆ, ಬಿದ್ದುದರಿಂದ. ಪರದೇಶದ ರಸಾಯನಕ್ಕೆ ಮನೆಯ ಕಡುಬು ಬಿದ್ದಂತೆ. ರೂಪಾಂತರದ ಬಗ್ಗೆ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಯಾವ ವಿಮರ್ಶಕರೂ ಹೇಳಿದ್ದನ್ನು ನಾವು ಓದಿಲ್ಲ.

ಇದರ ಎದುರಿಗೆ ಇನ್ನೊಂದನ್ನು ಇಡಬಹುದು. ‘ಡೋರೇಮಾನ್’ 2014ರಲ್ಲಿ ಅಮೆರಿಕದ ಡಿಸ್ನಿ ಎಕ್ಸ್‌ಡಿ ವಾಹಿನಿಗೆ ಹೋದಾಗ ನೊಬಿತ ಎಂಬವನು ನೋಬಿ ಆದ, ಶಿಜುಕ ಸೂ ಆದಳು, ಚಾಪ್‌ಸ್ಟಿಕ್ ಇದ್ದಲ್ಲಿ ಫೋರ್ಕ್ ಬಂತು, ಯೆನ್ ನೋಟುಗಳು ಡಾಲರ್ ಆದವು. ಕಥೆ ಮಾತ್ರ ಇದ್ದಲ್ಲೇ ಇತ್ತು. ಊಟದ ಪಾತ್ರೆ ಬದಲಾಯಿತು, ಅಡುಗೆ ಬದಲಾಗಲಿಲ್ಲ. ನಮ್ಮ ದೇಶದ ಮಕ್ಕಳಾದರೋ ನೊಬಿತನನ್ನು ನೊಬಿತ ಎಂದೇ ಒಪ್ಪಿಕೊಂಡು, ಅವನ ಪರೀಕ್ಷೆಯ ಸೊನ್ನೆಗಳನ್ನು ತಮ್ಮವೆಂದೇ ತಿಳಿದು ನಕ್ಕರು. ಗುರುತು ಸಿಗಬೇಕಾದರೆ ಹೆಸರು ನಮ್ಮದೇ ಆಗಿರಬೇಕೆಂಬ ಭಯ ದೊಡ್ಡವರಿಗೇ ಹೆಚ್ಚು.

ಮಾತು ಇಲ್ಲಿಗೆ ಬಂದಾಗ ಡಬ್ಬಿಂಗ್ ವಿಷಯ ನೆನಪಾಗದೆ ಇರದು. ಕನ್ನಡ ಚಿತ್ರರಂಗ ದಶಕಗಳ ಕಾಲ ಡಬ್ಬಿಂಗನ್ನು ಬಾಗಿಲ ಹೊರಗೆ ನಿಲ್ಲಿಸಿ, ರೀಮೇಕನ್ನು ಒಳಗೆ ಕರೆದು ಕೂರಿಸಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೂ ಆ ವಾದ ಪೂರ್ತಿ ಮುಗಿಯಲಿಲ್ಲ. ಆ ವಾದದ ಸರಿತಪ್ಪು ಇಲ್ಲಿ ಬೇಡ. ಆದರೆ ಅದು ಕನ್ನಡಿಗರ ಮಾತಿನೊಳಗೆ ಒಂದು ಬೈಗುಳವನ್ನು ಉಳಿಸಿಹೋಗಿದೆ. ತುಟಿಗೂ ಮಾತಿಗೂ ಹೊಂದದ್ದು ಏನಿದ್ದರೂ ಅದು ‘ಡಬ್ಬಿಂಗ್’.

ಕಳೆದ ಬೇಸಿಗೆಯಲ್ಲಿ ಹಾಸನದ ಮನೆಯಲ್ಲಿ ಈ ಪದ ನಮ್ಮ ಮಗಳಿಗೆ ಬಂದು ತಾಗಿತು. ಅವಳ ಕನ್ನಡದಲ್ಲಿ ‘ಸರಿ’ ಎನ್ನುವ ಕಡೆ ಮದರಾಸಿನ ‘ಶರಿ’ ಇಣುಕುತ್ತದೆ. ವಾಕ್ಯದ ಕೊನೆಗೆ ಪುಣೆಯ ‘ನಾ’ ಅಂಟಿಕೊಳ್ಳುತ್ತದೆ. ಅವಳದೇ ವಯಸ್ಸಿನ ಸೋದರಮಾವನ ಮಗ ಊಟದ ಹೊತ್ತಿನಲ್ಲಿ, “ನಿನ್ನ ಕನ್ನಡ ಡಬ್ಬಿಂಗ್ ಪಿಕ್ಚರ್ ಇದ್ದಂಗಿದೆ ಕಣೇ” ಎಂದ. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಸಾರು ಕಲಸುತ್ತ, ತಲೆಯೆತ್ತದೆ, “ಡಬ್ಬಿಂಗ್ ಅಲ್ಲ ಕಣೋ, ನಂದು ಝಡ್ ವರ್ಶನ್” ಎಂದಳು. ಅಲ್ಲಿದ್ದ ಯಾರಿಗೂ ಅದು ಅರ್ಥವಾಗಲಿಲ್ಲ. ನಮಗೆ ಆಯಿತು.

ಹಾಗಾದರೆ ಮೂಲ ಎಂಬುದು ಎಲ್ಲಿದೆ? ‘ಟ್ರಾನ್ಸ್‌ಫಾರ್ಮರ್ಸ್’ ಈ ಪ್ರಶ್ನೆಯನ್ನು ಚೆನ್ನಾಗಿ ಕಲಸಿಬಿಡುತ್ತದೆ. ಕಾರು ರೋಬೋ ಆಗುವ, ರೋಬೋ ಕಾರಾಗುವ ಆ ಆಟಿಕೆಗಳು ಮೊದಲು ಜಪಾನಿನ ತಕಾರ ಕಂಪನಿಯವು. 1984ರಲ್ಲಿ ಅಮೆರಿಕದ ಹ್ಯಾಸ್ಬ್ರೊ ಅವನ್ನು ಪಡೆದು ಹೊಸ ಹೆಸರು, ಹೊಸ ಕಥೆ ಕೊಟ್ಟು ಕಾರ್ಟೂನ್ ಮಾಡಿತು. ಆ ಕಾರ್ಟೂನ್ ಜಪಾನಿಗೆ ಬಂತು. ಆಪ್ಟಿಮಸ್ ಪ್ರೈಮ್ ಅಲ್ಲಿ ಕಾನ್ವಾಯ್ ಎನಿಸಿಕೊಂಡ. 1987ರಲ್ಲಿ ಅಮೆರಿಕದವರು ಮೂರು ಕಂತುಗಳಲ್ಲಿ ಕಥೆಗೆ ಮಂಗಳ ಹಾಡಿದರೆ, ಜಪಾನಿನವರು ಆ ಮಂಗಳವನ್ನು ಒಪ್ಪದೆ ‘ಹೆಡ್‌ಮಾಸ್ಟರ್ಸ್’ ಎಂಬ 35 ಕಂತುಗಳ ಸರಣಿಯನ್ನು ತಾವೇ ಕಟ್ಟಿ ಮುಂದುವರಿಸಿದರು. ಆಮೇಲೆ ‘ಮಾಸ್ಟರ್‌ಫೋರ್ಸ್’, ‘ವಿಕ್ಟರಿ’ ಎಂದು ಬೇರೆಯೇ ವಂಶ ಬೆಳೆಯಿತು. ಗೊಂಬೆ ಜಪಾನಿನದು, ಹೆಸರು ಅಮೆರಿಕದ್ದು, ಉತ್ತರಕಥೆ ಮತ್ತೆ ಜಪಾನಿನದು. ಇದರಲ್ಲಿ ತವರು ಯಾವುದು, ಗಂಡನ ಮನೆ ಯಾವುದು?

ಮುಂಬಯಿಯಲ್ಲಿರುವ ಓದುಗರಿಗೆ ಇನ್ನೊಂದು ಉದಾಹರಣೆ ಹತ್ತಿರದ್ದು. 1960ರ ದಶಕದ ಪ್ರಸಿದ್ಧ ಬೇಸ್‌ಬಾಲ್ ಕಥೆ ‘ಕ್ಯೊಜಿನ್ ನೊ ಹೋಶಿ’ಯಲ್ಲಿ ಮಗನನ್ನು ಆಟಗಾರನನ್ನಾಗಿ ಮಾಡಲೇಬೇಕೆಂದು ಹಟ ತೊಟ್ಟ ಬಡ ತಂದೆಯೊಬ್ಬನಿದ್ದಾನೆ. 2012ರ ಕೊನೆಯಲ್ಲಿ ಆ ಕಥೆ ‘ಸೂರಜ್: ದ ರೈಸಿಂಗ್ ಸ್ಟಾರ್’ ಎಂಬ ಹಿಂದಿ ಸರಣಿಯಾಗಿ ಕಲರ್ಸ್ ವಾಹಿನಿಗೆ ಬಂತು. ಬೇಸ್‌ಬಾಲ್ ಹೋಗಿ ಕ್ರಿಕೆಟ್ ಆಯಿತು, ಟೋಕಿಯೋ ಹೋಗಿ ಮುಂಬಯಿ ಆಯಿತು. ಮಗನ ಆಟದ ಮೇಲೆ ಇಡೀ ಮನೆಯ ಆಸೆಯನ್ನು ಹೂಡುವ ತಂದೆಯನ್ನು ಮಾತ್ರ ಬದಲಿಸಬೇಕಾಗಲಿಲ್ಲ. ಅವನು ಇಲ್ಲಿನ ಪ್ರತಿಯೊಂದು ಮೈದಾನದ ಬೇಲಿಯ ಬಳಿ ಬೆಳಗಿನ ಆರು ಗಂಟೆಗೆ ನಿಂತಿರುತ್ತಾನೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಲಾಭದ ಬಾಬತ್ತು. ಊರು ಬದಲಿಸುವುದಕ್ಕೆ ಬೆಲೆಯೂ ಉಂಟು. ಅದನ್ನು ತೋರಿಸಿಕೊಟ್ಟದ್ದು ‘ಸ್ಟಿಚ್!’.

2002ರ ಡಿಸ್ನಿ ಚಿತ್ರ ‘ಲೀಲೊ ಅಂಡ್ ಸ್ಟಿಚ್’ ಹವಾಯಿ ದ್ವೀಪದ ಕಥೆ. ತಂದೆತಾಯಿಯನ್ನು ಕಳೆದುಕೊಂಡ ಪುಟ್ಟ ಹುಡುಗಿ ಲೀಲೊ, ಆಕಾಶದಿಂದ ಬಂದು ಬಿದ್ದ ನೀಲಿ ಬಣ್ಣದ ತುಂಟ ಜೀವಿಯನ್ನು ಮನೆಯವನನ್ನಾಗಿ ಮಾಡಿಕೊಳ್ಳುತ್ತಾಳೆ. 2008ರ ಅಕ್ಟೋಬರಿನಲ್ಲಿ ಮ್ಯಾಡ್‌ಹೌಸ್ ಸ್ಟುಡಿಯೋ ಸ್ಟಿಚ್‌ನನ್ನು ಜಪಾನಿಗೆ ಕರೆತಂದಿತು. ಟೋಕಿಯೋಗೆ ಕರೆತರಲಿಲ್ಲ; ಓಕಿನಾವದ ಒಂದು ಕಲ್ಪಿತ ದ್ವೀಪದಲ್ಲಿ, ಅಜ್ಜಿಯೊಡನೆ ಇರುವ ಕರಾಟೆ ಹುಡುಗಿ ಯೂನಾಳ ಮನೆಯಲ್ಲಿ ಇರಿಸಿತು. ಈ ಆಯ್ಕೆಯ ಹಿಂದೆ ಚರಿತ್ರೆಯ ಅನುಮೋದನೆಯಿದೆ. ಹವಾಯಿ ಒಂದು ಕಾಲಕ್ಕೆ ಸ್ವತಂತ್ರ ರಾಜ್ಯ. 1893ರಲ್ಲಿ ಅದರ ರಾಣಿಯನ್ನು ಪದಚ್ಯುತಗೊಳಿಸಲಾಯಿತು. ಓಕಿನಾವ ರ್‍ಯೂಕ್ಯೂ ಎಂಬ ರಾಜ್ಯವಾಗಿತ್ತು. 1879ರಲ್ಲಿ ಜಪಾನ್ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. 1900ರಿಂದಾಚೆಗೆ ಓಕಿನಾವದ ಕೂಲಿಕಾರರು ಹವಾಯಿಯ ಕಬ್ಬಿನ ತೋಟಗಳಿಗೆ ಹಡಗು ಹತ್ತಿದರು. ಹವಾಯಿಯ ಚಿತ್ರ ‘ಒಹಾನ’, ಎಂದರೆ ಯಾರನ್ನೂ ಹಿಂದೆ ಬಿಡದ ಕುಟುಂಬ, ಎಂಬ ಪದದ ಮೇಲೆ ನಿಂತಿದೆ. ಒಮ್ಮೆ ಭೇಟಿಯಾದರೆ ಒಡಹುಟ್ಟಿದವರೇ ಎಂಬ ಅರ್ಥದ ನಾಣ್ಣುಡಿ ಓಕಿನಾವದಲ್ಲಿ ಮೊದಲೇ ಇತ್ತು. ಅಜಾಕ್ಸನಿಗೆ ಅಶ್ವತ್ಥಾಮ ಸಿಕ್ಕಂತೆ ಸ್ಟಿಚ್‌ಗೆ ಓಕಿನಾವ ಸಿಕ್ಕಿತು.

ಆದರೆ ಲೀಲೊ ಏನಾದಳು? ಸರಣಿಯ ಮುಂದಿನ ಭಾಗವೊಂದರಲ್ಲಿ ಇದಕ್ಕೆ ಉತ್ತರವಿದೆ. ಓದಿಗೆಂದು ದೂರ ಹೋದ ಲೀಲೊ ಈಗ ದೊಡ್ಡವಳು, ಒಬ್ಬ ಮಗಳ ತಾಯಿ. ಆ ಮಗಳು ಬಾಲ್ಯದ ಲೀಲೊಳ ಪಡಿಯಚ್ಚು. ಸ್ಟಿಚ್ ಆ ಮಗುವನ್ನೇ ತನ್ನ ಲೀಲೊ ಎಂದುಕೊಳ್ಳುತ್ತಾನೆ. ಅವನಿಗೆ ವಯಸ್ಸಾಗಿಲ್ಲ, ಅವಳಿಗೆ ಆಗಿದೆ. ಯಾರನ್ನೂ ಹಿಂದೆ ಬಿಡಬಾರದೆಂದು ಕಲಿಸಿದ ಕಥೆಯಲ್ಲೇ ಒಬ್ಬರು ಹಿಂದೆ ಉಳಿದರು. ಮೂಲ ಚಿತ್ರವನ್ನು ಪ್ರೀತಿಸಿದ ಹಲವರಿಗೆ ಈ ಕಂತು ಸಹಿಸಲಾಗಲಿಲ್ಲ. ನಮಗೆ ಮಾತ್ರ ಇಡೀ ಸರಣಿಯಲ್ಲಿ ಇದೇ ಪ್ರಾಮಾಣಿಕವೆನಿಸಿತು. ಊರಿಗೆ ಹೋದಾಗಲೆಲ್ಲ ನಾವು ಮನಸ್ಸಿನಲ್ಲಿ ಬಿಟ್ಟುಬಂದ ಮುಖಗಳನ್ನು ಹುಡುಕುತ್ತೇವೆ. ಎದುರಿಗೆ ಬರುವುದು ಅವರ ಮಕ್ಕಳು.

ಕೊನೆಯದು ಒಂದು ಗೇಮಿನಿಂದ ಬಂದ ಚಿತ್ರ. ನಿಂಟೆಂಡೊ ಕಂಪನಿಯ ‘ಅನಿಮಲ್ ಕ್ರಾಸಿಂಗ್’ 2001ರಲ್ಲಿ ಜಪಾನಿನಲ್ಲಿ ಬಿಡುಗಡೆಯಾಯಿತು. ಪ್ರಾಣಿಗಳೇ ವಾಸಿಸುವ ಊರಿಗೆ ಹೊಸಬರಾಗಿ ಬಂದು ಮನೆ ಮಾಡುವುದು, ನೆರೆಹೊರೆಯವರ ಪರಿಚಯ ಮಾಡಿಕೊಳ್ಳುವುದು, ಕಾಗದ ಬರೆಯುವುದು: ಆಟವೆಂದರೆ ಇಷ್ಟೇ. ಗೆಲುವಿಲ್ಲ, ಸೋಲಿಲ್ಲ. ಇದನ್ನು ರೂಪಿಸಿದ ಕತ್ಸುಯ ಎಗುಚಿ ಕೆಲಸಕ್ಕಾಗಿ ಚಿಬಾದಿಂದ ಕ್ಯೋಟೋಗೆ ಬಂದವರು. ಮನೆಯವರನ್ನೂ ಗೆಳೆಯರನ್ನೂ ಬಿಟ್ಟುಬಂದ ಒಂಟಿತನವೇ ಈ ಆಟದ ಬೀಜ ಎಂದು ಅವರೇ ಹೇಳಿಕೊಂಡಿದ್ದಾರೆ. ಲಕ್ಷಾಂತರ ಜನ ಆಡುವ ಆಟವೊಂದರ ಅಡಿಪಾಯದಲ್ಲಿ ಒಬ್ಬ ನೌಕರನ ಊರು ಬಿಟ್ಟ ದುಃಖವಿದೆಯೆಂದು ತಿಳಿದಾಗ ಆ ಪುಟ್ಟ ಮನೆಗಳು ನಮಗೆ ಬೇರೆ ಥರ ಕಾಣತೊಡಗಿದವು.

2006ರ ಡಿಸೆಂಬರಿನಲ್ಲಿ ಇದು ಆನಿಮೆ ಚಿತ್ರವಾಯಿತು. ಜಪಾನಿನ ಹೊರಗೆ ಅದು ಅಧಿಕೃತವಾಗಿ ಬಿಡುಗಡೆಯಾಗಲಿಲ್ಲ. ಐ ಎಂಬ ಹನ್ನೊಂದರ ಹುಡುಗಿ ಒಬ್ಬಳೇ ಹೊಸ ಊರಿಗೆ ಬಂದು ಮನೆ ಹೂಡುತ್ತಾಳೆ. ಸ್ಯಾಲಿ ಎಂಬ ಆನೆಮರಿ ಅವಳ ಗೆಳತಿಯಾಗುತ್ತಾಳೆ. ಉಡುಪುಗಳ ವಿನ್ಯಾಸ ಕಲಿಯುವ ಕನಸಿನ ಸ್ಯಾಲಿ ಒಂದು ದಿನ ಐಗೆ ಹೇಳದೆಯೇ ಊರು ಬಿಟ್ಟು ಹೋಗುತ್ತಾಳೆ. ಊರಿಗೆ ಬಂದವಳ ಕಥೆ ಹೀಗೆ ಊರಲ್ಲಿ ಉಳಿದವಳ ಕಥೆಯಾಗುತ್ತದೆ. ವರ್ಗಾವಣೆಯ ಕಥೆಗಳನ್ನು ಸಾಮಾನ್ಯವಾಗಿ ಹೊರಟವರೇ ಹೇಳುತ್ತಾರೆ. ಖಾಲಿ ಮನೆಯ ಮುಂದೆ ನಿಲ್ಲುವ ಗೆಳತಿಯ ಕಡೆಯಿಂದ ಅದನ್ನು ನೋಡುವುದು ಅಪರೂಪ.

ಚೆನ್ನೈ ಬಿಟ್ಟಾಗ ಮಗಳಿಗೆ ಎಂಟು ವರ್ಷ. ಆಗ ಅವಳು ತನ್ನ ಬೆಂಚಿನ ಗೆಳತಿಗೆ ಏನೂ ಹೇಳಿರಲಿಲ್ಲ. ಶುಕ್ರವಾರ ಎಂದಿನಂತೆ ಶಾಲೆಗೆ ಹೋಗಿ ಬಂದಳು. ಸೋಮವಾರ ನಾವು ಹೈದರಾಬಾದಿನಲ್ಲಿದ್ದೆವು. ಯಾಕೆ ಹೇಳಲಿಲ್ಲವೆಂದು ಅವಳು ಎಂದೂ ತಿಳಿಸಲಿಲ್ಲ, ನಾವೂ ಕೆದಕಲಿಲ್ಲ. ಈ ಚಿತ್ರವನ್ನು ನೋಡಿದ ರಾತ್ರಿ ಅವಳಾಗಿಯೇ ಆ ಗೆಳತಿಯ ಹೆಸರು ಎತ್ತಿದಳು. “ಅವಳು ಸೋಮವಾರ ನನ್ನ ಜಾಗ ಇಟ್ಟುಕೊಂಡು ಕಾದಿರುತ್ತಾಳೆ ನಾ?” ಎಂದಳು. ಅಷ್ಟು ಹೇಳಿ ಮಲಗಲು ಹೋದಳು.

ಹಳೆಯ ರೂಪಾಂತರಕಾರರು ಒಂದು ಪಾತ್ರವನ್ನು ಕರೆತರುವಾಗ ಹೊಸ ಊರಿನಲ್ಲಿ ಅದಕ್ಕೊಂದು ಜಾಗವಿದೆಯೇ ಎಂದು ನೋಡಿದರು. ಈ ಆನಿಮೆಗಳನ್ನು ನೋಡಿದ ಮೇಲೆ ನಮಗೆ ಅನಿಸುವುದು, ಅದರ ಜೊತೆಗೆ ಹಳೆಯ ಊರಿನಲ್ಲಿ ತೆರವಾದ ಜಾಗವನ್ನೂ ನೋಡಬೇಕು ಎಂದು. ಮೊದಲನೆಯದು ಇದ್ದರೆ ಹೋದಲ್ಲಿ ಬದುಕು ಕಟ್ಟಬಹುದು, ‘ಝಡ್’ ಎಂದು ತಲೆಯೆತ್ತಿ ಹೇಳಿಕೊಳ್ಳಬಹುದು. ಎರಡನೆಯದು ನೆನಪಿದ್ದರೆ ಬಿಟ್ಟುಬಂದವರಿಗೆ ಒಂದು ಮಾತು ಹೇಳಿ ಹೊರಡಬಹುದು. ನಮ್ಮ ಮಕ್ಕಳ ಕನ್ನಡ ಎಷ್ಟು ಶುದ್ಧ ಎಂದು ಅಳೆಯುವವರಿಗೆ ಈ ಎರಡೂ ಲೆಕ್ಕಕ್ಕೆ ಬಾರವು. ಮಕ್ಕಳಿಗೆ ಇವೆರಡೂ ಗೊತ್ತು.

ಈ ವರ್ಷ ದೆಹಲಿಗೆ ವರ್ಗವಾಗುವ ಸುದ್ದಿಯಿದೆ, ಆದೇಶ ಇನ್ನೂ ಕೈಗೆ ಬಂದಿಲ್ಲ. ಪುಣೆಯ ಗೆಳತಿಗೆ ಮಗಳು ಆಗಲೇ ತಿಳಿಸಿದ್ದಾಳೆ. ಇಬ್ಬರೂ ಎರಡು ದಿನ ಮಾತು ಬಿಟ್ಟಿದ್ದರು. ಮೂರನೆಯ ದಿನದಿಂದ ಸಂಜೆ ಒಟ್ಟಿಗೆ ಕುಳಿತು ‘ಸ್ಟಿಚ್!’ ನೋಡುತ್ತಿದ್ದಾರೆ, ದೊಡ್ಡವಳಾದ ಲೀಲೊಳ ಕಂತು ಇನ್ನೂ ಬಂದಿಲ್ಲ.