ತಾತ, ಇವತ್ತು ಯಾವ ತಿಥಿ?

ಅಂಡಮಾನಿನ ನೀಲ್ ದ್ವೀಪ ಪುಟ್ಟದು. ಅಲ್ಲಿಯ ಊರುಗಳ ಹೆಸರು ಕೇಳಿದರೆ ರಾಮಾಯಣದ ಬಳಗವೇ ಬಿಡಾರ ಹೂಡಿದಂತಿದೆ: ರಾಮನಗರ, ಸೀತಾಪುರ, ಲಕ್ಷ್ಮಣಪುರ, ಭರತಪುರ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರು ಇಲ್ಲಿ ನೆಲೆಸಿ, ಗದ್ದೆ ಮಾಡಿ, ತರಕಾರಿ ಬೆಳೆದರು. 2018ರಿಂದ ಇದರ ಹೆಸರು ಶಹೀದ್ ದ್ವೀಪ. ಹಿಂದಿನ ಪೋರ್ಟ್ ಬ್ಲೇರ್, ಈಗಿನ ಶ್ರೀ ವಿಜಯಪುರದಿಂದ ಹಡಗಿನಲ್ಲಿ ಸುಮಾರು ಎರಡು ಗಂಟೆಯ ಹಾದಿ.

ಕಳೆದ ಮಾಘ ಮಾಸದಲ್ಲಿ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳ ಜೊತೆ ನಾಲ್ಕು ದಿನ ಅಲ್ಲಿದ್ದೆ. ಹೊರಡುವ ಮನಸ್ಸು ನನಗಿರಲಿಲ್ಲ. ನನ್ನಾಕೆ ತೀರಿಕೊಂಡು ಆಗಷ್ಟೇ ವರ್ಷ ತುಂಬಿತ್ತು. ನಲವತ್ತೆರಡು ವರ್ಷ, ಬೆಳಗ್ಗೆ ರಂಗೋಲಿ ಬಟ್ಟಲು ಹಿಡಿದು ಹೊಸ್ತಿಲು ದಾಟುವಾಗ ಅವಳು, "ಏನೂಂದ್ರೆ, ಇವತ್ತು ಯಾವ ತಿಥಿ?" ಎಂದು ಕೇಳುತ್ತಿದ್ದಳು. ನಾನು ಪಂಚಾಂಗ ನೋಡಿ ಹೇಳುತ್ತಿದ್ದೆ. ಅವಳು ಹೋದ ಮೇಲೆ ಮನೆಯಲ್ಲಿ ತಿಥಿ ಎಂದರೆ ಅವಳ ವರ್ಷದ ತಿಥಿ ಒಂದೇ ಎಂಬಂತಾಯಿತು. ಆದರೂ ಅಭ್ಯಾಸಬಲದಿಂದ ಪಂಚಾಂಗವನ್ನು ಚೀಲಕ್ಕೆ ಹಾಕಿಕೊಂಡಿದ್ದೆ.

ಮೊದಲ ದಿನ ಭರತಪುರದ ಕಡಲತೀರಕ್ಕೆ ಹೋದರೆ ನೀರೇ ಇಲ್ಲ! ದೂರದವರೆಗೆ ಬರೀ ಮರಳು, ಹವಳದ ಬಂಡೆ.

"ತಾತ, ಸಮುದ್ರ ಎಲ್ಲಿ ಹೋಯ್ತು?" ಎಂದ ಮೊಮ್ಮಗ.

ನೀರು ಏರುವವರೆಗೆ ದೋಣಿ ಹೊರಡುವುದಿಲ್ಲವೆಂದು ದೋಣಿಯವ ಕೈಯಾಡಿಸಿದ. ಮಗ ಸಮಯ ನೋಡಲು ಮೊಬೈಲ್ ತೆಗೆದ, ನೆಟ್‌ವರ್ಕ್ ಸಿಗಲಿಲ್ಲ. ಎಲ್ಲರೂ ಮರದಡಿ ಕೂತು ಎಳನೀರು ಕುಡಿದೆವು. ಕೆಲಸದ ಮೇಲೆ ಕಾರವಾರದಲ್ಲಿದ್ದಾಗ ಕಲಿತದ್ದು ನನಗೆ ನೆನಪಾಯಿತು.

"ಕರಾವಳಿಯಲ್ಲಿ ನೀರು ಏರುವುದಕ್ಕೆ ಭರತ ಅಂತಾರೆ ಕಣೋ. ಭರತಪುರದಲ್ಲಿ ಭರತನಿಗೆ ಕಾಯೋಣ" ಎಂದೆ. ಹುಡುಗ ನಕ್ಕ.

ಮಕ್ಕಳೇ, ಚಂದ್ರ ಸಮುದ್ರದ ನೀರನ್ನು ತನ್ನತ್ತ ಸೆಳೆಯುತ್ತಾನೆ. ಅದಕ್ಕೇ ಅಲ್ಲಿ ದಿನಕ್ಕೆ ಎರಡು ಬಾರಿ ನೀರು ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಚಂದ್ರ ದಿನವೂ ತಡವಾಗಿ ಮೂಡುವಂತೆ ಈ ಏರಿಳಿತವೂ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸುಮಾರಿಗೆ ಸೂರ್ಯನೂ ಚಂದ್ರನ ಜೊತೆ ಸೇರಿ ಸೆಳೆಯುವುದರಿಂದ ನೀರು ಬಹಳ ಮೇಲೇರಿ, ಬಹಳ ದೂರ ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಕಡಿಮೆ. ಇದನ್ನೆಲ್ಲ ಮರಳಿನ ಮೇಲೆ ಕಡ್ಡಿಯಿಂದ ಚಿತ್ರ ಬರೆದು ಮೊಮ್ಮಕ್ಕಳಿಗೆ ಹೇಳಿದೆ. ಅಷ್ಟರಲ್ಲಿ ಸೊಸೆ ಚಾಪೆಯ ಮೇಲೆ ನಿದ್ದೆ ಹೋಗಿದ್ದಳು. ಎದ್ದವಳು, "ಮಾವ, ಮಧ್ಯಾಹ್ನ ಮಲಗಿ ಎಷ್ಟು ವರ್ಷ ಆಯ್ತೋ!" ಎಂದಳು.

ಅಲ್ಲಿ ಬೆಳಗಾಗುವುದು ಬೇಗ. ಗಡಿಯಾರ ನಮ್ಮದೇ, ಆದರೆ ದ್ವೀಪ ತುಂಬಾ ಪೂರ್ವಕ್ಕಿರುವುದರಿಂದ ಸೂರ್ಯ ಮೈಸೂರಿಗಿಂತ ಸುಮಾರು ಒಂದು ಗಂಟೆ ಮೊದಲೇ ಬರುತ್ತಾನೆ. ಎರಡನೆಯ ದಿನ ನಾನು ಜಗಲಿಯಲ್ಲಿ ಕೂತಿದ್ದೆ. ಮೊಮ್ಮಗ ಕಣ್ಣುಜ್ಜುತ್ತ ಬಂದು ಕೇಳಿದ:

"ತಾತ, ಇವತ್ತು ಯಾವ ತಿಥಿ?"

ನನಗೆ ತಟ್ಟನೆ ಮಾತು ಹೊರಡಲಿಲ್ಲ. ಒಳಗೆ ಹೋಗಿ ಪಂಚಾಂಗ ತಂದೆ. ಕನ್ನಡಕ ಒರೆಸಿಕೊಂಡು, "ತ್ರಯೋದಶಿ" ಎಂದೆ.

"ಹಾಗಾದ್ರೆ ನೀರು ನಿನ್ನೆಗಿಂತ ತಡವಾಗಿ ಇಳಿಯುತ್ತೆ. ಹುಣ್ಣಿಮೆಗೆ ಇನ್ನೂ ದೂರ ಹೋಗುತ್ತೆ, ಅಲ್ವಾ?"

ಆಮೇಲೆ ಇಡೀ ಮನೆ ನನ್ನನ್ನು ಕೇಳಿಯೇ ಹೊರಡತೊಡಗಿತು. ಲಕ್ಷ್ಮಣಪುರದ ಕಲ್ಲಿನ ಸಹಜ ಸೇತುವೆಯ ಬಳಿಗೆ ನೀರು ಇಳಿದಾಗ ಮಾತ್ರ ನಡೆದು ಹೋಗಬಹುದು. ಅದನ್ನು ಹುಣ್ಣಿಮೆಗೆಂದೇ ಉಳಿಸಿಕೊಂಡೆವು. ಜಾರುವ ಬಂಡೆಗಳ ಮೇಲೆ ಮೊಮ್ಮಗ ನನ್ನ ಕೈ ಹಿಡಿದು ನಡೆಸಿದ. ಬಂಡೆಗಳ ನಡುವಿನ ಗುಂಡಿಗಳಲ್ಲಿ ಏಡಿ, ಪುಟ್ಟ ಮೀನು, ನಕ್ಷತ್ರಮೀನು. ಮೊಮ್ಮಗಳು ಎತ್ತಿಕೊಂಡ ಶಂಖದೊಳಗಿಂದ ಸನ್ಯಾಸಿ ಏಡಿಯೊಂದು ಇಣುಕಿತು. "ಅಯ್ಯೋ, ಇದು ಅದರ ಮನೆ!" ಎಂದು ಅಲ್ಲೇ ಇಟ್ಟಳು.

ಮೈಸೂರಿನಲ್ಲಿ ಸಮುದ್ರವಿಲ್ಲ. ಆದರೂ ಬೆಂಗಳೂರಿನಿಂದ ಶಾಲೆಯ ಬಸ್ಸು ಬರುವ ಮುಂಚೆ ಫೋನ್ ಬರುತ್ತದೆ. ನಾನು ತಿಥಿ ಹೇಳುತ್ತೇನೆ; ನೀಲ್ ದ್ವೀಪದಲ್ಲಿ ಅವತ್ತು ನೀರು ಎಷ್ಟು ದೂರ ಹೋಗಬಹುದೆಂದು ಅವನು ಹೇಳುತ್ತಾನೆ. ಪಂಚಾಂಗವನ್ನು ಈಗ ಫೋನಿನ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ.