ಕಿವಿಗೊಂದು ಪುಸ್ತಕ

ಪುಸ್ತಕವೆಂಬುದು ಕಣ್ಣಿಗೇ ಮೀಸಲಾದ ಸೊತ್ತೆಂದು ಕಾಲೇಜಿನ ಮೆಟ್ಟಿಲು ಹತ್ತಿದ ನಾವು ಸುಲಭವಾಗಿ ನಂಬಿಬಿಡುತ್ತೇವೆ. ಹಾಗೆಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ನಾನರಿಯೆ. ಗದುಗಿನ ಭಾರತ ನಾಡಿನ ಮೂಲೆಮೂಲೆಗೆ ಹಬ್ಬಿದ್ದು ಓದಿದವರಿಂದಷ್ಟೇ ಅಲ್ಲ, ಕೇಳಿದವರಿಂದ. ಓದುವವನು ಒಬ್ಬ, ಅರ್ಥ ಹೇಳುವವನು ಇನ್ನೊಬ್ಬ, ಸುತ್ತ ಕುಳಿತು ತಲೆದೂಗುವವರು ಊರಿನವರು; ಅವರಲ್ಲಿ ಅಕ್ಷರ ಬಲ್ಲವರೆಷ್ಟು ಎಂದು ಯಾರೂ ಲೆಕ್ಕ ಹಾಕುತ್ತಿರಲಿಲ್ಲ. ನಮ್ಮ ಬಳ್ಳಾರಿ ತಾಲ್ಲೂಕಿನ ಜೋಳದರಾಶಿಯಲ್ಲಿ 1910ರಲ್ಲಿ ಹುಟ್ಟಿದ ದೊಡ್ಡನಗೌಡರು ಹೆಸರಾಂತ ಗಮಕಿಗಳಾದದ್ದು ಈ ಕಿವಿಯ ಓದಿನಿಂದಲೇ ಅಲ್ಲವೆ? ಇಂದು ಬಳ್ಳಾರಿಯ ರಂಗಮಂದಿರವೊಂದು ಅವರ ಹೆಸರನ್ನು ಹೊತ್ತು ನಿಂತಿದೆ.

ಆದಕಾರಣ ‘ಆಡಿಯೋಬುಕ್’ ಎಂಬ ಕೇಳುಪುಸ್ತಕವನ್ನು ಕಂಡು ನಾವು ಬೆರಗಾಗಬೇಕಾದದ್ದೇನೂ ಇಲ್ಲ. ಅಮೆರಿಕ, ಇಂಗ್ಲೆಂಡುಗಳಲ್ಲಿ 1930ರ ದಶಕದಲ್ಲಿಯೇ ಅಂಧರಿಗಾಗಿ ಪುಸ್ತಕಗಳನ್ನು ಓದಿಸಿ ಗ್ರಾಮಫೋನು ತಟ್ಟೆಗಳಲ್ಲಿ ತುಂಬಿದ್ದರು. 2005ರಲ್ಲಿ ಆರಂಭವಾದ ಲಿಬ್ರಿವಾಕ್ಸ್‌ನಲ್ಲಿ ಕೃತಿಸ್ವಾಮ್ಯ ಮುಗಿದ ಗ್ರಂಥಗಳನ್ನು ಸ್ವಯಂಸೇವಕರೇ ಓದಿ ಉಚಿತವಾಗಿ ಹಂಚುತ್ತಾರೆ. ಕನ್ನಡದಲ್ಲಿ 2020ರಲ್ಲಿ ಹೊರಟ ಮೈಲ್ಯಾಂಗ್ ಮುಂತಾದವು ಕೇಳುಪುಸ್ತಕಗಳನ್ನು ಫೋನಿಗೇ ತಲುಪಿಸುತ್ತಿವೆ. ಪದಾರ್ಥವೇನೋ ಹಳೆಯದು, ಆದರೆ ಇಷ್ಟೊಂದು ಪುಸ್ತಕಗಳಲ್ಲಿ ಯಾವುದನ್ನು ಆರಿಸುವುದೆಂಬ ಕಷ್ಟ ಮಾತ್ರ ಹೊಸದು.

ನನ್ನ ಪಾಲಿಗೆ ಇದು ಬರಿಯ ಕಾಲಕ್ಷೇಪದ ಪ್ರಶ್ನೆಯಲ್ಲ. ರೂಪನಗುಡಿಯ ನಮ್ಮ ಮನೆಯಲ್ಲಿ ಬಿ.ಎ. ತರಗತಿಯವರೆಗೆ ಬಂದವಳು ನಾನೇ ಮೊದಲಿಗಳು. ಅವ್ವ ಹೆಬ್ಬೆಟ್ಟು ಒತ್ತುವವಳು. ರಾತ್ರಿ ನಾನು ಪುಸ್ತಕಕ್ಕೋ ಫೋನಿನ ಬೆಳಕಿಗೋ ಮುಖವಿಟ್ಟು ಕುಳಿತರೆ ಅವಳಿಗೆ ಕಾಣುವುದು ನನ್ನ ಬೆನ್ನು ಮಾತ್ರ. “ಇವತ್ತು ಏನು ಕಲ್ತೆವ್ವಾ?” ಎಂದು ಮೊದಲ ವರ್ಷ ದಿನವೂ ಕೇಳುತ್ತಿದ್ದಳು. ಎರಡನೆಯ ವರ್ಷದ ಹೊತ್ತಿಗೆ ಕೇಳುವುದನ್ನು ಬಿಟ್ಟಳು. ವಿದ್ಯೆ ಮನೆಗೆ ಬೆಳಕು ತರುತ್ತದೆಂದು ಭಾಷಣಗಳಲ್ಲಿ ಕೇಳಿದ್ದೇವೆ; ಅದು ತಾಯಿ ಮಗಳ ನಡುವೆ ಸದ್ದಿಲ್ಲದೆ ಒಂದು ಗೋಡೆಯನ್ನೂ ಎಬ್ಬಿಸಬಲ್ಲದೆಂದು ಯಾರೂ ಹೇಳುವುದಿಲ್ಲ.

ಕೇಳುಪುಸ್ತಕ ನಮ್ಮ ಮನೆಯನ್ನು ಹೊಕ್ಕದ್ದು ಮೆಣಸಿನಕಾಯಿಯ ಸುಗ್ಗಿಯಲ್ಲಿ. ಒಣಗಿದ ಕಾಯಿಯ ರಾಶಿಯ ಮುಂದೆ ಕುಳಿತು ತೊಟ್ಟು ಬಿಡಿಸುವ ಕೆಲಸದಲ್ಲಿ ಕೈಗೆ ಬಿಡುವಿಲ್ಲ, ಕಣ್ಣಿಗೆ ಉರಿ, ಕಿವಿ ಮಾತ್ರ ನಿರುದ್ಯೋಗಿ. ಮೊದಲು ಹಚ್ಚಿದ ಪುಸ್ತಕವನ್ನು ಕೇಳಿ ಅವ್ವ ಐದೇ ನಿಮಿಷದಲ್ಲಿ ತೀರ್ಪು ಕೊಟ್ಟಳು: “ಇವ್ರು ಕತಿ ಹೇಳ್ತಾರೋ, ಸುಮ್ನೆ ಓದ್ತಾರೋ?” ಓದುವ ಕಂಠದಲ್ಲಿ ಉಸಿರೂ ಇರಲಿಲ್ಲ, ನಿಲುಗಡೆಯೂ ಇರಲಿಲ್ಲ. ವಿಮರ್ಶೆಯ ಪಾಠದಲ್ಲಿ ನಾನು ಕಲಿಯದ ಸೂತ್ರವೊಂದು ಅಂದು ದೊರೆಯಿತು. ಪುಸ್ತಕದ ಹೆಸರಿಗಿಂತ ಮೊದಲು ಕಂಠವನ್ನು ಪರೀಕ್ಷಿಸಬೇಕು. ಮಾದರಿಗೆಂದು ಬಿಟ್ಟಿರುವ ತುಣುಕನ್ನು ಕೇಳಿಯೇ ಮುಂದುವರಿಯಬೇಕು. ಪೂರ್ತಿ ಪುಸ್ತಕವೋ, ಸಂಗ್ರಹವೋ ಎಂಬುದನ್ನೂ ನೋಡಿಕೊಳ್ಳಬೇಕು.

ಎರಡನೆಯದು ಕಥೆಯ ಕಟ್ಟು. ಕಣ್ಣು ಹಿಂದಿನ ಪುಟಕ್ಕೆ ಹೋಗಿಬರಬಲ್ಲದು. ಕಿವಿಗೆ ಆ ಸೌಕರ್ಯ ಕಡಿಮೆ. 1967ರಲ್ಲಿ ಪ್ರಕಟವಾದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಮಹಾಕೃತಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ಅಷ್ಟೊಂದು ಪಾತ್ರಗಳನ್ನು ಮೆಣಸಿನಕಾಯಿಯ ಘಾಟಿನ ನಡುವೆ ನೆನಪಿಟ್ಟುಕೊಳ್ಳುವುದು ಸಾಮಾನ್ಯವಲ್ಲ. ತೇಜಸ್ವಿಯವರ ‘ಕರ್ವಾಲೊ’ (1980) ಹಾಗಲ್ಲ. ಅಲ್ಲಿ ‘ನಾನು’ ಎಂಬೊಬ್ಬನು ಜಗಲಿಯ ಮೇಲೆ ಕುಳಿತು ಹೇಳಿದಂತೆ ಕಥೆ ಸಾಗುತ್ತದೆ. ಮೂರನೆಯದು ಮಾತಿನ ಹತ್ತಿರ. ಕೊಟ್ಟೂರಿನ ಕುಂ. ವೀರಭದ್ರಪ್ಪನವರ ‘ಅರಮನೆ’ಗೆ 2007ರ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಬಂದಿತು. ಅಚ್ಚಿನಲ್ಲಿ ಮೊದಲು ತೊಡಕೆನಿಸುವ ಅಂತಹ ಗದ್ಯ, ಗಟ್ಟಿಯಾಗಿ ಓದಿದೊಡನೆ ನಮ್ಮ ಸೀಮೆಯ ಕಟ್ಟೆಯ ಮಾತಾಗಿ ಸಲೀಸಾಗುತ್ತದೆ. ಕೊನೆಯದಾಗಿ, ಕೆಲಸಕ್ಕೆ ತಕ್ಕ ಅಳತೆ: ರೊಟ್ಟಿ ತಟ್ಟುವ ಹೊತ್ತಿಗೆ ಒಂದು ಸಣ್ಣ ಕಥೆ ಅಥವಾ ಹರಟೆ, ತೊಟ್ಟು ಬಿಡಿಸುವ ಮಧ್ಯಾಹ್ನಕ್ಕೆ ಕಾದಂಬರಿ.

ಪುಸ್ತಕಕ್ಕೆ ಹಣ ತೆರುವ ಮುನ್ನ ನಾನು ಮಾಡುವ ಪರೀಕ್ಷೆಯೊಂದುಂಟು. ಗ್ರಂಥಾಲಯದಿಂದ ಅದರ ಪ್ರತಿಯನ್ನು ತಂದು ಎರಡು ಪುಟ ಗಟ್ಟಿಯಾಗಿ ಓದುತ್ತೇನೆ. ಅವ್ವ “ಆಮ್ಯಾಲೆ?” ಎಂದರೆ ಉತ್ತೀರ್ಣ, “ಒಲಿ ನೋಡ್ಬೇಕು” ಎಂದು ಎದ್ದರೆ ಅನುತ್ತೀರ್ಣ. ಆರಿಸಿದ ಪುಸ್ತಕವನ್ನು ಬಳ್ಳಾರಿಯಲ್ಲಿರುವಾಗಲೇ ಫೋನಿಗೆ ಇಳಿಸಿಕೊಂಡು, ಮನೆಗೆ ಬಂದು ಹಚ್ಚಿ, ಫೋನನ್ನು ಖಾಲಿ ಚರಿಗೆಯೊಳಗೆ ಇಳಿಬಿಡುತ್ತೇನೆ. ದನಿ ದೊಡ್ಡದಾಗುತ್ತದೆ, ಬೆಳಕು ಮರೆಯಾಗುತ್ತದೆ. ಪರದೆ ಒಬ್ಬರ ಮುಖಕ್ಕೆ ಸಾಕಾದರೆ, ಚರಿಗೆಯ ದನಿ ಪಡಸಾಲೆಗೆಲ್ಲ ಸಾಕು. ನಾನು ಇಯರ್‌ಫೋನನ್ನು ದೂರವಿಟ್ಟದ್ದು ಇದೇ ಕಾರಣಕ್ಕೆ.

‘ಕರ್ವಾಲೊ’ ಮಾತ್ರ ಈ ಪರೀಕ್ಷೆಯನ್ನು ಮೀರಿ ನಿಂತಿತು. ಎರಡು ಪುಟಗಳಿಗೆ ಅವ್ವ ಬಿಡಲಿಲ್ಲ. ಸಂಜೆ ಸಂಜೆ ಓದಿ ಮುಗಿಸಬೇಕಾಯಿತು. ಹಾರುವ ಓತಿಯ ವಿಷಯದಲ್ಲಿ ಅವಳಿಗೆ ಅಷ್ಟೇನೂ ಅಚ್ಚರಿಯಾಗಲಿಲ್ಲ. ದೊಡ್ಡ ವಿಜ್ಞಾನಿಯೊಬ್ಬರು ಹಳ್ಳಿಯ ಮಂದಣ್ಣನನ್ನು ಬೆಲೆಯುಳ್ಳ ಮನುಷ್ಯನೆಂದು ಕಂಡದ್ದೇ ಅವಳಿಗೆ ಅಚ್ಚರಿ. “ಅಷ್ಟು ಓದಿದೋರು ಅವನ್ನ ಕೇಳಿ ತಿಳ್ಕೊಂತಾರಲ್ಲವ್ವಾ!” ಎಂದು, ಕೈಯಲ್ಲಿದ್ದ ಕಾಯಿಯನ್ನು ಮರೆತು ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ, ತಾನು ಹುಡುಗಿಯಾಗಿದ್ದಾಗ ಬೆಳಗಿನವರೆಗೆ ಕುಳಿತು ನೋಡಿದ ಬಯಲಾಟದ ಕಥೆಯನ್ನು ತಾನಾಗಿಯೇ ತೆಗೆದಳು. “ಆಮ್ಯಾಲೆ?” ಎನ್ನುವ ಸರದಿ ಅಂದು ನನ್ನದಾಯಿತು.

ನಮ್ಮಲ್ಲಿ ಅನೇಕರು ತಂತಮ್ಮ ಮನೆಯ ಮೊದಲ ಪದವೀಧರರು. ಪರೀಕ್ಷೆ ಮುಗಿದು ಕೈಗೆ ಬರುವ ಪ್ರಮಾಣಪತ್ರವನ್ನು ಮನೆಯವರು ಸಂತೋಷದಿಂದ ಪೆಟ್ಟಿಗೆಯಲ್ಲಿಡುತ್ತಾರೆ. ಆದರೆ ಅದನ್ನು ಓದಲಾರರು. ಕೇಳಲು ಬರುವ ಪುಸ್ತಕವೊಂದನ್ನು ಅದರ ಜೊತೆಗೇ ಒಯ್ದರೆ ನಾವು ಕಲಿತದ್ದರಲ್ಲಿ ಅವರ ಪಾಲು ಅವರಿಗೆ ಸಂದಂತಾಗುತ್ತದೆ. ಅದನ್ನು ಆರಿಸುವಾಗ ಪ್ರಶಸ್ತಿಯ ಪಟ್ಟಿಯನ್ನು ಸ್ವಲ್ಪ ಆಚೆಗಿಟ್ಟು, ಕೇಳುವವರ ಮುಖವನ್ನು ನೋಡಬೇಕೆಂಬುದೊಂದೇ ನನ್ನ ಬಿನ್ನಹ.